ಕೌಂಟರ್‌ನಲ್ಲಿ ಇಬ್ಬರೇ ಇದ್ದಾಗ ಸ್ಪೇರ್ ಪಾರ್ಟ್ಸ್ ಅಂಗಡಿ ನಿಭಾಯಿಸುವುದು ಹೇಗೆ?

ಪ್ರಶ್ನೆ: ನಾನು ಕಲಬುರಗಿ ರಿಂಗ್ ರೋಡ್ ಹತ್ತಿರ ಒಂದು ಆಟೋ ಸ್ಪೇರ್ಸ್ ಅಂಗಡಿಯಲ್ಲಿ ಕೌಂಟರ್ ನೋಡಿಕೊಳ್ಳುತ್ತೇನೆ. ಬೈಕ್, ಆಟೋ, ಟ್ರ್ಯಾಕ್ಟರ್ ಎಲ್ಲದರ ಪಾರ್ಟ್ಸ್ ಇವೆ. ಮೊದಲು ಐದು ಜನ ಇದ್ದೆವು. ಈಗ ನಾನು, ಒಬ್ಬ ಹೊಸ ಹುಡುಗ, ಗಲ್ಲಾದಲ್ಲಿ ಮಾಲಕರು, ಅಷ್ಟೇ. ಬೆಳಿಗ್ಗೆ 10ರಿಂದ 1ರವರೆಗೆ ಉಸಿರು ಬಿಡಲು ಪುರುಸೊತ್ತಿಲ್ಲ. ಒಂದು ಕಡೆ ಗಿರಾಕಿ, ಇನ್ನೊಂದು ಕಡೆ ಫೋನ್. ಅವಸರದಲ್ಲಿ ತಪ್ಪು ಪಾರ್ಟ್ ಹೋಗುತ್ತದೆ, ವಾಪಸ್ ಬರುತ್ತದೆ, ಬೈಗುಳ ನನಗೆ. ಬೆಳಿಗ್ಗೆ 9ಕ್ಕೆ ಬಂದರೆ ರಾತ್ರಿ 9ಕ್ಕೆ ಮನೆ. ಹೋದ ತಿಂಗಳು ಸ್ಟಾಕ್ ಕಮ್ಮಿ ಬಂತೆಂದು ಸಂಬಳದಲ್ಲಿ ದುಡ್ಡು ಹಿಡಿದರು. ಇದು ಸರಿಯಾ? ಕೆಲಸ ಬಿಡಲಾ, ಇರಲಾ? ಇದ್ದರೆ ಹೇಗೆ ನಿಭಾಯಿಸಲಿ?

ಉತ್ತರ: ಬಿಡುವ, ಇರುವ ಮಾತು ಆಮೇಲೆ. ನಿಮ್ಮ ಪತ್ರದ ನಡುವೆ ಒಂದು ಮಾತು ಸುಮ್ನೆ ಬಂದು ಹೋಗಿದೆ: ತಪ್ಪು ಪಾರ್ಟ್ ಹೋಗುತ್ತದೆ, ವಾಪಸ್ ಬರುತ್ತದೆ. ಜನ ಕಡಿಮೆ ಇರುವುದು ನಿಜ, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಆದರೆ ನನ್ನ ಲೆಕ್ಕದಲ್ಲಿ ನಿಮ್ಮನ್ನು ಹೆಚ್ಚು ಸುಸ್ತು ಮಾಡುತ್ತಿರುವುದು ಈ ವಾಪಸ್ಸೇ.

ಒಂದು ತಪ್ಪು ಪಾರ್ಟ್ ಎಂದರೆ ಏನೇನು ಕೆಲಸ ನೋಡಿ. ಒಮ್ಮೆ ಹುಡುಕಿ ಕೊಟ್ಟಿರುತ್ತೀರಿ. ಮಿಸ್ತ್ರಿ ಗಾಡಿ ಬಿಚ್ಚಿಟ್ಟು, ಹಾಕಲು ಹೋಗಿ, ಕೂಡದೆ, ಹುಡುಗನನ್ನು ವಾಪಸ್ ಓಡಿಸಿರುತ್ತಾನೆ. ಆ ಹುಡುಗ ಸರತಿ ಮುರಿದು ಮುಂದೆ ಬಂದು ಜಗಳ ತೆಗೆಯುತ್ತಾನೆ. ಬಿಲ್ ತಿದ್ದಬೇಕು, ಸರಿಯಾದದ್ದನ್ನು ಮತ್ತೆ ಹುಡುಕಬೇಕು, ದುಡ್ಡಿನ ವ್ಯತ್ಯಾಸ ಕೊಡಬೇಕು ಇಲ್ಲವೇ ತೆಗೆದುಕೊಳ್ಳಬೇಕು, ಹರಿದ ಡಬ್ಬಿಯನ್ನು ಅದರ ಜಾಗಕ್ಕೆ ಇಡಬೇಕು. ಅವಸರದಲ್ಲಿ ಆ ಡಬ್ಬಿ ಬೇರೆ ಜಾಗಕ್ಕೆ ಹೋಗುತ್ತದೆ, ವರ್ಷದ ಕೊನೆಗೆ ಅದೇ ಸ್ಟಾಕ್ ಕಮ್ಮಿ ಎಂದು ನಿಮ್ಮ ತಲೆಗೆ ಬರುತ್ತದೆ. ಒಂದು ಮಾರಾಟಕ್ಕೆ ಮೂರು ಮಾರಾಟದ ಸಮಯ ಹೋಯಿತು, ಲಾಭ ಮಾತ್ರ ಒಂದರದ್ದೇ.

ಹಾಗಾಗಿ ನನ್ನ ಸಲಹೆ ಸ್ವಲ್ಪ ಉಲ್ಟಾ ಅನ್ನಿಸಬಹುದು. ಜನ ಕಮ್ಮಿ ಇದ್ದಾಗ ಕೌಂಟರ್‌ನಲ್ಲಿ ನಿಧಾನ ಮಾಡಿ. ಪೂರ್ತಿ ನಿಧಾನ ಅಲ್ಲ, ರ‍್ಯಾಕ್ ಕಡೆ ತಿರುಗುವ ಮೊದಲಿನ ಅರ್ಧ ನಿಮಿಷ ಮಾತ್ರ. ಗಿರಾಕಿ ಹೇಳಿದ ಕೂಡಲೇ ಓಡಬೇಡಿ, ಕೇಳಿ.

"ಅಣ್ಣಾ, ಸ್ಪ್ಲೆಂಡರ್‌ದು ಸ್ವಿಚ್ ಸೆಟ್ ಕೊಡ್ರಿ, ಜಲ್ದಿ." ದಿನಾ ಕೇಳುವ ಮಾತು ಇದು, ಅಲ್ವಾ? ಇದರಲ್ಲಿ ನಿಮಗೆ ಬೇಕಾದ ಮಾಹಿತಿ ಒಂದೂ ಇಲ್ಲ. ಸ್ಪ್ಲೆಂಡರ್ ಪ್ಲಸ್ಸೋ, ಪ್ರೋನೋ, ಸೂಪರ್ ಸ್ಪ್ಲೆಂಡರೋ? ಯಾವ ವರ್ಷದ್ದು? ಸೆಲ್ಫ್ ಇದೆಯೋ ಬರೀ ಕಿಕ್ಕೋ? ಹೊಸ ಹುಡುಗ ಇದನ್ನೆಲ್ಲ ಕೇಳುವುದಿಲ್ಲ, ಹೋಗಿ ಮೊದಲು ಕೈಗೆ ಸಿಕ್ಕಿದ ಡಬ್ಬಿ ತರುತ್ತಾನೆ. ಅವನಿಗೆ ಎಲ್ಲ ಮಾಡೆಲ್ ಬಾಯಿಪಾಠ ಮಾಡಿಸಲು ಹೋಗಬೇಡಿ, ಆರು ತಿಂಗಳಾದರೂ ಬರುವುದಿಲ್ಲ. ಮೂರು ವರ್ಷಗಳನ್ನು ಮಾತ್ರ ಕಲಿಸಿ: 2017, 2019, 2020.

2017ರ ಏಪ್ರಿಲ್‌ನಿಂದ ದೇಶದಲ್ಲೆಲ್ಲ ಬಿಎಸ್4, ಅಂದರೆ ಗಾಡಿಯ ಹೊಗೆಗೆ ಮಿತಿ ಹಾಕುವ ನಿಯಮ, ಬಂತು. ಅದೇ ತಿಂಗಳಿಂದ ಬೈಕ್, ಸ್ಕೂಟರ್‌ಗಳ ಹೆಡ್‌ಲೈಟ್ ಗಾಡಿ ಚಾಲೂ ಇರುವಷ್ಟು ಹೊತ್ತೂ ಉರಿಯಬೇಕು ಎಂದಾಯಿತು, ಅಂದರೆ ಹ್ಯಾಂಡಲ್ ಮೇಲಿನ ಲೈಟ್ ಸ್ವಿಚ್ಚೇ ಹೋಯಿತು. ಆಗಲೇ ಹೇಳಿದ ಸ್ಪ್ಲೆಂಡರ್ ಸ್ವಿಚ್ ಸೆಟ್ ವಾಪಸ್ ಬರುವುದು ಹೀಗೇ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕ್‌ಗಳಿಗೆ ಎಬಿಎಸ್ (ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿ ಜಾರದಂತೆ ತಡೆಯುವ ವ್ಯವಸ್ಥೆ), 125 ಸಿಸಿವರೆಗಿನವಕ್ಕೆ ಕನಿಷ್ಠ ಸಿಬಿಎಸ್ ಕಡ್ಡಾಯವಾಯಿತು. ಸಿಬಿಎಸ್‌ನಲ್ಲಿ ಒಂದು ಬ್ರೇಕ್ ಒತ್ತಿದರೆ ಎರಡೂ ಚಕ್ರಕ್ಕೆ ಹಿಡಿಯಬೇಕು, ಆದ್ದರಿಂದ ಕೇಬಲ್, ಪೆಡಲ್ ಕಡೆಯ ಜೋಡಣೆ ಬದಲಾಗಿದೆ. ಹಳೆಯ ಗಾಡಿಯ ಬ್ರೇಕ್ ಕೇಬಲ್ ಕೊಟ್ಟರೆ ಸಂಜೆಯೊಳಗೆ ವಾಪಸ್ ಬರುತ್ತದೆ. 2020ರ ಏಪ್ರಿಲ್‌ನಿಂದ ಇನ್ನೂ ಬಿಗಿಯಾದ ಬಿಎಸ್6. ಸ್ಪ್ಲೆಂಡರ್, ಆಕ್ಟಿವಾ, ಎಕ್ಸ್‌ಎಲ್ 100, ಎಲ್ಲದರಲ್ಲೂ ಕಾರ್ಬೊರೇಟರ್ ಹೋಗಿ ಫ್ಯುಯಲ್ ಇಂಜೆಕ್ಷನ್ ಬಂತು. ಸೆನ್ಸರ್, ಫ್ಯುಯಲ್ ಪಂಪ್, ವೈರಿಂಗ್ ಎಲ್ಲ ಬೇರೆ. ಕೆಲವು ಪಾರ್ಟ್ ಹಳೆಯದಕ್ಕೂ ಹೊಸದಕ್ಕೂ ಒಂದೇ ಇರುತ್ತದೆ, ಅದನ್ನು ಊಹೆ ಮೇಲೆ ಹೇಳಬೇಡಿ, ಕ್ಯಾಟಲಾಗ್ ನೋಡಿ ಹೇಳಿ.

ಗಾಡಿ ಯಾವ ವರ್ಷದ್ದು ಎಂದರೆ ಗಿರಾಕಿ ಹೇಳುವುದು ತಾನು ಶೋರೂಮಿನಿಂದ ತಂದ ವರ್ಷ. ನಮಗೆ ಬೇಕಾದದ್ದು ಫ್ಯಾಕ್ಟರಿಯಲ್ಲಿ ತಯಾರಾದ ತಿಂಗಳು, ವರ್ಷ. 2019ರ ಕೊನೆಗೆ ತಯಾರಾಗಿ 2020ರ ಆರಂಭದಲ್ಲಿ ರಿಜಿಸ್ಟರ್ ಆದ ಗಾಡಿಗಳು ನಮ್ಮ ಕಡೆ ಬೇಕಾದಷ್ಟಿವೆ, ಅವನ್ನು ನೋಡಿ "20ರ ಗಾಡಿ, ಬಿಎಸ್6" ಎಂದು ಕೊಟ್ಟರೆ ಕೆಟ್ಟಿತು. ಆರ್‌ಸಿಯಲ್ಲಿ ತಯಾರಿಕೆಯ ತಿಂಗಳು, ವರ್ಷ ಇರುತ್ತದೆ, ಜೊತೆಗೆ 17 ಅಕ್ಷರ ಮತ್ತು ಅಂಕಿಗಳ ಚಾಸಿ ನಂಬರ್. ಕಾಗದ ಜೇಬಿನಲ್ಲಿ ಇಲ್ಲದಿದ್ದರೂ ಡಿಜಿಲಾಕರ್ ಅಥವಾ ಎಂಪರಿವಾಹನ್ ಆ್ಯಪ್‌ನಲ್ಲಿ ಇರುತ್ತದೆ. "ಆರ್‌ಸಿ ತೋರಿಸ್ರಿ" ಎಂದರೆ ಮೊದಮೊದಲು ಜನ ಪೊಲೀಸರ ಥರ ಕೇಳುತ್ತಾನಲ್ಲ ಎಂದು ಮುಖ ನೋಡುತ್ತಾರೆ. ಒಂದು ವಾರ ಅಷ್ಟೇ, ಆಮೇಲೆ ಅವರೇ ಫೋನ್ ತೆಗೆದು ಹಿಡಿಯುತ್ತಾರೆ.

ಬೈಕ್ ಬಿಟ್ಟು ಟ್ರ್ಯಾಕ್ಟರ್, ಕಾಳು ಒಕ್ಕುವ ರಾಶಿ ಮಷಿನ್ ಕಡೆ ಬಂದರೆ ಮಾಡೆಲ್ ಕೇಳಿ ಪ್ರಯೋಜನವೇ ಇಲ್ಲದ ಪಾರ್ಟ್‌ಗಳಿವೆ. ಬೇರಿಂಗ್, ಆಯಿಲ್ ಸೀಲ್, ಬೆಲ್ಟ್. ಇವಕ್ಕೆ ಅಳತೆಯೇ ಹೆಸರು. ಹಳೆಯ ಪಾರ್ಟ್ ತರಿಸಿ, ಒರೆಸಿ, ನಂಬರ್ ಓದಿ. ಬೇರಿಂಗ್ ನಂಬರಿನ ಕೊನೆಯ ಎರಡು ಅಂಕಿ ಒಳಗಿನ ತೂತಿನ ಅಳತೆ ಹೇಳುತ್ತದೆ: 00 ಇದ್ದರೆ 10 ಮಿ.ಮೀ., 01 ಇದ್ದರೆ 12, 02 ಇದ್ದರೆ 15, 03 ಇದ್ದರೆ 17. 04ರಿಂದ ಮೇಲೆ ಆ ಅಂಕಿಯನ್ನು ಐದರಿಂದ ಗುಣಿಸಿದರೆ ಸಾಕು, 6204 ಎಂದರೆ 20, 6205 ಎಂದರೆ 25. ಮೊದಲಿನ ಅಂಕಿಗಳು ಹೊರಗಿನ ಗಾತ್ರಕ್ಕೆ. ಅದಕ್ಕೇ 6201 ಮತ್ತು 6301 ಎರಡಕ್ಕೂ ಒಳಗೆ 12 ಮಿ.ಮೀ. ಇದ್ದರೂ ಹೊರಗೆ ಒಂದು 32, ಇನ್ನೊಂದು 37. ನಂಬರ್ ಪಕ್ಕದಲ್ಲಿ 2ಆರ್‌ಎಸ್ ಇದ್ದರೆ ಎರಡೂ ಕಡೆ ರಬ್ಬರ್ ಸೀಲ್, ಝಡ್‌ಝಡ್ ಇದ್ದರೆ ತಗಡಿನ ಮುಚ್ಚಳ. ಧೂಳಿನಲ್ಲಿ ಓಡುವ ಮಷಿನ್‌ಗೆ ರಬ್ಬರ್ ಸೀಲಿನದ್ದು ಕೊಡಿ. ತೊಗರಿ ರಾಶಿಯ ಹೊಟ್ಟು, ಧೂಳು ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕಾಗಿಲ್ಲ.

ವಿ-ಬೆಲ್ಟೂ ಹಾಗೇ. ಎ ಅಂದರೆ ಮೇಲಿನ ಅಗಲ 13 ಮಿ.ಮೀ., ಬಿ ಅಂದರೆ 17, ಸಿ ಅಂದರೆ 22. ಮುಂದಿನ ಅಂಕಿ ಇಂಚಿನಲ್ಲಿ ಉದ್ದ, ಬಿ-52 ಎಂದರೆ ಒಳಸುತ್ತಳತೆ 52 ಇಂಚು. ಹಳೆಯ ಬೆಲ್ಟ್ ಸವೆದು ಅಕ್ಷರ ಹೋಗಿದ್ದರೆ ಅಗಲ ಅಳೆದು, ಒಳಗಡೆ ದಾರ ಸುತ್ತಿ ಉದ್ದ ನೋಡಿ. ಹಳೆಯದು ಸ್ವಲ್ಪ ಹಿಗ್ಗಿರುತ್ತದೆ, ಅದನ್ನು ಲೆಕ್ಕಕ್ಕೆ ಹಿಡಿಯಿರಿ. ಆಯಿಲ್ ಸೀಲ್ ಮೇಲೆ ಮೂರು ಅಂಕಿ: ಒಳಗೆ, ಹೊರಗೆ, ದಪ್ಪ. ಕೌಂಟರ್ ಮೇಲೆ ಇದನ್ನೆಲ್ಲ ಅಳೆಯುವ ಒಂದು ಡಿಜಿಟಲ್ ವರ್ನಿಯರ್ ದಾರ ಕಟ್ಟಿ ಇಡಿ. ಮಾಲಕರು ಕೊಡಿಸದಿದ್ದರೆ ನೀವೇ ಕೊಳ್ಳಿ, ಬೇರೆ ಕಡೆ ಹೋದರೂ ನಿಮ್ಮ ಜೊತೆ ಬರುತ್ತದೆ.

ಇನ್ನೆರಡು ಮಾತು ಹೇಳಿ ಪಾರ್ಟ್ ವಿಷಯ ಮುಗಿಸುತ್ತೇನೆ. ಬೈಕಿಗೆ ಎಂಜಿನ್ ಆಯಿಲ್ ಕೊಡುವಾಗ ಡಬ್ಬಿ ಹಿಂದೆ ಜಾಸೋ ಎಂಎ ಎಂಬ ಗುಣಮಟ್ಟದ ಗುರುತು ಇದೆಯೇ ನೋಡಿ. ಬೈಕಿನ ಕ್ಲಚ್ ಅದೇ ಆಯಿಲ್‌ನಲ್ಲಿ ಮುಳುಗಿರುತ್ತದೆ, ಕಾರಿನ ಆಯಿಲ್ ಹಾಕಿದರೆ ಕ್ಲಚ್ ಜಾರುತ್ತದೆ, ಬೈಗುಳ ನಿಮಗೇ ಬರುತ್ತದೆ. ಸ್ಕೂಟರ್‌ಗೆ ಎಂಬಿ. ಎರಡನೆಯದು ಹೆಡ್‌ಲೈಟ್ ಬಲ್ಬ್. ಬೈಕಿನ ಎಚ್‌ಎಸ್1 ಬಲ್ಬ್ 35/35 ವ್ಯಾಟ್, ಕಾರಿನ ಎಚ್4 ಬಲ್ಬ್ 60/55. ನೋಡಲು ಅಣ್ಣತಮ್ಮ. ಬೆಳಕು ಜಾಸ್ತಿ ಬರಲಿ ಎಂದು ಎಚ್4 ಕೇಳುವ ಹುಡುಗರು ಬರುತ್ತಾರೆ, ಬೈಕಿನ ವೈರಿಂಗ್, ಹೋಲ್ಡರ್ ಆ ಕರೆಂಟಿಗೆ ಮಾಡಿದ್ದಲ್ಲ, ಹೋಲ್ಡರ್ ಕರಗಿಸಿಕೊಂಡು ವಾಪಸ್ ಬರುತ್ತಾರೆ.

ಈಗ 10ರಿಂದ 1ರ ಗದ್ದಲಕ್ಕೆ ಬರೋಣ. ಅದು ಯಾಕೆ ಆ ಹೊತ್ತಿಗೇ ಆಗುತ್ತದೆ? ಮಿಸ್ತ್ರಿಗಳು ಗ್ಯಾರೇಜ್ ತೆಗೆದು ಮೊದಲ ಗಾಡಿ ಬಿಚ್ಚುವುದು ಆಗಲೇ. ಆಳಂದ, ಅಫಜಲಪುರ, ಜೇವರ್ಗಿ, ಚಿತ್ತಾಪುರ ಕಡೆಯಿಂದ ಬೆಳಗಿನ ಬಸ್ ಹತ್ತಿದ ರೈತರು ಊರು ಮುಟ್ಟುವುದೂ ಆಗಲೇ, ಮಧ್ಯಾಹ್ನದೊಳಗೆ ವಾಪಸ್ ಹೋಗುವ ಅವಸರ ಅವರಿಗೆ. ಫೋನ್ ಬರುವುದೂ ಆಗಲೇ. ಈ ಮೂರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದರೆ ಇಬ್ಬರಿಂದ ಆಗುವುದಿಲ್ಲ, ನಾಲ್ವರಿದ್ದರೂ ಕಷ್ಟವೇ.

ಫೋನಿನಿಂದ ಶುರು ಮಾಡಿ. ಫೋನಿನಲ್ಲಿ "ಅದೇರಿ, ಗುಂಡಗಿರ್ತದಲ್ಲ, ಎರಡು ತೂತಿಂದು" ಎಂದು ಐದು ನಿಮಿಷ ವರ್ಣನೆ ಕೇಳುವ ಹೊತ್ತಿಗೆ ಎದುರಿಗಿರುವ ಇಬ್ಬರು ಪಕ್ಕದ ಅಂಗಡಿಗೆ ಹೋಗಿರುತ್ತಾರೆ. ಕಾಯಂ ಮಿಸ್ತ್ರಿಗಳಿಗೆಲ್ಲ ಹೇಳಿಬಿಡಿ: ಫೋನ್ ಬೇಡ, ವಾಟ್ಸ್ಆ್ಯಪ್‌ಗೆ ಹಳೆಯ ಪಾರ್ಟಿನ ಫೋಟೋ, ಆರ್‌ಸಿ ಫೋಟೋ ಹಾಕಿ, ಎಷ್ಟು ಬೇಕು ಬರೆಯಿರಿ, ತೆಗೆದಿಟ್ಟು ಹೇಳುತ್ತೇವೆ. ಹಿಂದಿನ ರಾತ್ರಿಯೇ ಹಾಕಿದವರ ಪಾರ್ಸೆಲ್ ಬೆಳಿಗ್ಗೆ ಹತ್ತರೊಳಗೆ ಕಟ್ಟಿ ರೆಡಿ ಇಡಿ, ಹೆಸರು ಬರೆದು. ಹೀಗೆ ಹಾಕಲು ಅವರಿಗೂ ಏನಾದರೂ ಲಾಭ ಕಾಣಬೇಕಲ್ಲ, ಹಾಗಾಗಿ ರಾತ್ರಿ ಹಾಕಿದವರಿಗೆ ಮೊದಲು ಎಂದು ಕಟ್ಟುನಿಟ್ಟಾಗಿ ಪಾಲಿಸಿ. ದೊಡ್ಡ ಧ್ವನಿ ಇರುವವನು ಬೆಳಿಗ್ಗೆ ಬಂದು ಕೂಗಿ ಮೊದಲು ತೆಗೆದುಕೊಂಡು ಹೋದರೆ ಯಾರೂ ರಾತ್ರಿ ಮೆಸೇಜ್ ಹಾಕುವುದಿಲ್ಲ. ಹಳ್ಳಿಯ ಗ್ಯಾರೇಜ್‌ಗಳಿಗೆ ಬಸ್ಸಿಗೋ ಟಂಟಂಗೋ ಹಾಕಿ ಕಳಿಸುವ ಪಾರ್ಸೆಲ್ ಮಧ್ಯಾಹ್ನದ ಮೇಲೆ ಮಾತ್ರ ಎಂದು ಮಾಡಿಕೊಳ್ಳಿ.

ಆಮೇಲೆ ಜಾಗ. ಪ್ಲಗ್, ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್, ಬ್ರೇಕ್ ಶೂ, ಬಲ್ಬ್, ಫ್ಯೂಸ್, ಟ್ಯೂಬ್, ಆಯಿಲ್, ಆಯಿಲ್ ಫಿಲ್ಟರ್, ಇವು ದಿನಾ ಹೋಗುವ ಮಾಲು. ಇವನ್ನು ತೆಗೆಯಲು ಒಂದು ಹೆಜ್ಜೆಯೂ ನಡೆಯಬಾರದು. ಎಷ್ಟೋ ಅಂಗಡಿಗಳಲ್ಲಿ ಕೌಂಟರ್ ಹಿಂದಿನ ಒಳ್ಳೆಯ ಜಾಗದಲ್ಲಿ ಹೊಳೆಯುವ ಮಿರರ್, ಸ್ಟಿಕ್ಕರ್, ಸೀಟ್ ಕವರ್ ನೇತುಹಾಕಿ ಕೇಬಲ್‌ಗಳನ್ನು ಒಳಗಿನ ಗೋದಾಮಿನಲ್ಲಿ ಇಟ್ಟಿರುತ್ತಾರೆ. ಚಂದ ಕಾಣುತ್ತದೆ ನಿಜ, ಕಾಲು ಯಾರದು? ಒಂದು ವಾರ ಯಾವ್ಯಾವುದಕ್ಕೆ ಒಳಗೆ ಓಡಿದಿರಿ ಎಂದು ಒಂದು ರಟ್ಟಿನ ಮೇಲೆ ಗೀಟು ಹಾಕುತ್ತಾ ಹೋಗಿ. ಜಾಸ್ತಿ ಗೀಟು ಬಿದ್ದದ್ದನ್ನು ಹೊರಗೆ ತನ್ನಿ. ಪ್ರತಿ ಡಬ್ಬಿಯ ಮೇಲೂ ದಪ್ಪ ಸ್ಕೆಚ್ ಪೆನ್ನಿನಲ್ಲಿ ಮಾಡೆಲ್ ಬರೆಯಿರಿ, ಪಕ್ಕದಲ್ಲಿ 17ರ ಹಿಂದಿನದೋ, 19ರದೋ, 20ರ ನಂತರದ್ದೋ ಎಂದು. ಹೊಸ ಹುಡುಗ ಪಾರ್ಟ್ ನಂಬರ್ ಓದಲು ತಡವರಿಸುತ್ತಾನೆ, ಇದನ್ನು ಓದುತ್ತಾನೆ.

ಮಧ್ಯಾಹ್ನ 2ರಿಂದ 4 ಖಾಲಿ ಇರುತ್ತದೆ, ಬೇಸಿಗೆಯಲ್ಲಂತೂ ರಸ್ತೆಯಲ್ಲಿ ನಾಯಿಯೂ ಇರುವುದಿಲ್ಲ. ನಮ್ಮ ಕಡೆ ಏಪ್ರಿಲ್, ಮೇನಲ್ಲಿ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ನಿಮ್ಮ ಮಾಲಕರಿಗೆ ಬೇಸಿಗೆಯಲ್ಲಿ 8ಕ್ಕೆ ತೆಗೆದು ಮಧ್ಯಾಹ್ನ ಮುಚ್ಚಿ ಸಂಜೆ ಮತ್ತೆ ತೆಗೆಯೋಣ ಎಂದು ಹೇಳಿ ನೋಡಿ. ಒಪ್ಪದಿದ್ದರೆ ಆ ಎರಡು ಗಂಟೆಯಲ್ಲಿ ಒಬ್ಬರು ಊಟ ಮಾಡಿ ಮಲಗಿ, ಇನ್ನೊಬ್ಬರು ವಾಪಸ್ ಬಂದ ಡಬ್ಬಿಗಳನ್ನು ಜಾಗಕ್ಕೆ ಸೇರಿಸಿ. ಸಂಜೆಗೆ ಮೊದಲು ಆರ್ಡರ್ ಪಟ್ಟಿ ಕಳಿಸಿ. ಹೈದರಾಬಾದ್ ಇಲ್ಲಿಂದ ಸುಮಾರು 220 ಕಿ.ಮೀ., ಸೊಲ್ಲಾಪುರ ಅದರ ಅರ್ಧ, ಹೊತ್ತಿಗೆ ಸರಿಯಾಗಿ ಹೇಳಿದರೆ ಮಾಲು ಬೇಗ ಬಂದು ಬೀಳುತ್ತದೆ. ಇಲ್ಲ ಎಂದು ಹೇಳಿ ಗಿರಾಕಿಯನ್ನು ಮೂರು ಸಲ ಓಡಿಸುವುದಕ್ಕೂ ನಿಮ್ಮದೇ ಸಮಯ ಹೋಗುತ್ತದೆ. ಹಂಗಾಮು ನಿಮಗೆ ಗೊತ್ತೇ ಇದೆ: ಮುಂಗಾರಿಗೆ ಟ್ರ್ಯಾಕ್ಟರ್ ಫಿಲ್ಟರ್, ಹೈಡ್ರಾಲಿಕ್ ಆಯಿಲ್, ಡಿಸೆಂಬರ್, ಜನವರಿಯಲ್ಲಿ ತೊಗರಿ ರಾಶಿಗೆ ಬೆಲ್ಟ್, ಬೇರಿಂಗ್, ಕಬ್ಬು ಸಾಗುವಾಗ ಟ್ರಾಲಿಯ ಹಬ್ ಬೇರಿಂಗ್, ಬೇಸಿಗೆಗೆ ಬ್ಯಾಟರಿ, ಕೂಲಂಟ್, ಟ್ಯೂಬ್. ಒಂದು ತಿಂಗಳು ಮೊದಲೇ ಮಾಲಕರ ಕಿವಿಗೆ ಹಾಕಿ.

ಉದ್ರಿ ಬಗ್ಗೆ ನೀವು ಬರೆದಿಲ್ಲ, ಆದರೆ ಇದ್ದೇ ಇರುತ್ತದೆ. ಗದ್ದಲದಲ್ಲಿ "ಬರ್ಕೋರಿ ಅಣ್ಣಾ, ಆಮೇಲೆ ಕೊಡ್ತೀನಿ" ಎಂದು ಒಬ್ಬ ಚೈನ್ ಕಿಟ್ ಎತ್ತಿಕೊಂಡು ಹೋಗುತ್ತಾನೆ, ಬರೆಯುವುದು ಮರೆಯುತ್ತದೆ. "ಹಾಕಿ ನೋಡಿ ತರ್ತೀನಿ" ಎಂದು ಇನ್ನೊಬ್ಬ ರಿಲೇ ತೆಗೆದುಕೊಂಡು ಹೋಗುತ್ತಾನೆ. ಸ್ಟಾಕ್ ಕಮ್ಮಿ ಬರುವುದು ಕಳ್ಳತನಕ್ಕಿಂತ ಹೆಚ್ಚಾಗಿ ಈ ದಾರಿಯಲ್ಲಿ. ಬರೆಯದೆ ಮಾಲು ಕೌಂಟರ್ ದಾಟಬಾರದು, ಮಾಲಕರ ತಮ್ಮನೇ ಬಂದರೂ. ಬರೆಯಲು ಸಮಯ ಇಲ್ಲದಿದ್ದರೆ ಫೋನಿನಲ್ಲಿ ಡಬ್ಬಿ ಮತ್ತು ಅವನ ಮುಖ ಎರಡೂ ಬರುವಂತೆ ಒಂದು ಫೋಟೋ ತೆಗೆದು ಅವನಿಗೇ ಕಳಿಸಿಬಿಡಿ. ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ, ನಗುತ್ತಾರೆ ಅಷ್ಟೇ.

ಎಲೆಕ್ಟ್ರಿಕಲ್ ಪಾರ್ಟ್ ವಾಪಸ್ ಇಲ್ಲ ಎಂಬ ಬೋರ್ಡ್ ನಿಮ್ಮಲ್ಲೂ ಇರಬಹುದು. ಸೆನ್ಸರ್, ಸಿಡಿಐ (ಪ್ಲಗ್‌ಗೆ ಕಿಡಿ ಕೊಡಿಸುವ ಯೂನಿಟ್) ಒಮ್ಮೆ ಗಾಡಿಗೆ ಹಾಕಿದರೆ ಸುಟ್ಟಿದೆಯೋ ಇಲ್ಲವೋ ಕೌಂಟರ್‌ನಲ್ಲಿ ತಿಳಿಯುವುದಿಲ್ಲ, ಅದಕ್ಕೆ ಆ ಬೋರ್ಡ್. ಆದರೆ ಮಾಲೇ ದೋಷದ್ದಾಗಿದ್ದರೆ ಬೋರ್ಡ್ ತೋರಿಸಿ ತಪ್ಪಿಸಿಕೊಳ್ಳಲು ಬರುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್‌ನಲ್ಲಿ ಬರೆದ ಅವಧಿಯೊಳಗೆ, ಬರೆಯದಿದ್ದರೆ 30 ದಿನದೊಳಗೆ, ದೋಷದ ಮಾಲು ವಾಪಸ್ ತೆಗೆದುಕೊಂಡು ದುಡ್ಡು ಕೊಡಲು ಒಪ್ಪದಿರುವುದು ಅನುಚಿತ ವ್ಯಾಪಾರ ಪದ್ಧತಿ. ಈ ಜಗಳ ನಿಮ್ಮದಲ್ಲ, ಗಲ್ಲಾದ ಕಡೆ ಕೈ ತೋರಿಸಿ. ರೇಟಿನ ಜಗಳವೂ ಹಾಗೇ. 2025ರ ಸೆಪ್ಟೆಂಬರ್ 22ರಿಂದ ವಾಹನದ ಪಾರ್ಟ್‌ಗಳ ಜಿಎಸ್‌ಟಿ 28ರಿಂದ ಶೇ 18ಕ್ಕೆ ಇಳಿದಿದೆ, ಹಳೆಯ ಡಬ್ಬಿ ಮೇಲೆ ಹಳೆಯ ಎಂಆರ್‌ಪಿ ಕಂಡರೆ ಗಿರಾಕಿ ಕೇಳುತ್ತಾನೆ. ಯಾವ ಮಾಲಿಗೆ ಏನು ರೇಟು ಎಂದು ಮಾಲಕರಿಂದ ಮೊದಲೇ ಬರೆಸಿಕೊಳ್ಳಿ, ಕೌಂಟರ್‌ನಲ್ಲಿ ನಿಂತು ಚೌಕಾಸಿ ಮಾಡುವಷ್ಟು ಜನ ನೀವಿಲ್ಲ.

ಇಷ್ಟು ಮಾಡಿದರೆ ನಿಮ್ಮ ಭಾರ ಖಂಡಿತ ಕಡಿಮೆಯಾಗುತ್ತದೆ. ಆದರೆ ಮೂವರು ಐದು ಜನರಾಗುವುದಿಲ್ಲ, ಅದನ್ನೂ ಹೇಳಬೇಕು. ಮಾಲಕರ ಜೊತೆ ಮಾತಾಡಲೇಬೇಕು. ಹೇಗೆ ಮಾತಾಡುತ್ತೀರಿ ಅನ್ನುವುದು ಮುಖ್ಯ. "ಸಾವ್ಕಾರ್ರೇ, ಕೆಲಸ ಭಾಳ ಆಗ್ತದ" ಎಂದರೆ "ನಮ್ಮ ಕಾಲದಾಗ ಒಬ್ಬನೇ ನಡೆಸೀನಿ" ಎಂಬ ಉತ್ತರ ಸಿದ್ಧ ಇರುತ್ತದೆ. ಅದರ ಬದಲು ಎರಡು ವಾರ ಒಂದು ಚಿಕ್ಕ ನೋಟ್‌ಬುಕ್ ಇಡಿ. ಇವತ್ತು ಎಷ್ಟು ಪಾರ್ಟ್ ವಾಪಸ್ ಬಂತು, ಎಷ್ಟು ಗಿರಾಕಿ ಕಾದು ಕಾದು ಎದ್ದು ಹೋದರು, ಅವರು ಕೇಳಿದ್ದು ಏನು, ಅದರ ಬೆಲೆ ಎಷ್ಟು. ಇಷ್ಟೇ ಬರೆಯಿರಿ. ಎದ್ದು ಹೋದ ವ್ಯಾಪಾರದ ಮೊತ್ತ ಕೂಡಿಸಿ ಮುಂದೆ ಇಟ್ಟರೆ ಮಾತು ಬೇರೆ ಥರ ನಡೆಯುತ್ತದೆ. ಮಾಲಕರಿಗೆ ನಿಮ್ಮ ಸುಸ್ತು ಕಾಣುವುದಿಲ್ಲ ಎಂದಲ್ಲ, ಪಕ್ಕದ ಅಂಗಡಿಗೆ ಹೋದ ದುಡ್ಡು ಇನ್ನೂ ಚೆನ್ನಾಗಿ ಕಾಣುತ್ತದೆ.

ಕೇಳುವಾಗಲೂ ಸರಿಯಾದದ್ದು ಕೇಳಿ. ಪಾರ್ಟ್ಸ್ ಗೊತ್ತಿರುವ ಹುಡುಗ ಸಿಗುವುದಿಲ್ಲ ಎಂದು ಎಲ್ಲ ಮಾಲಕರೂ ಹೇಳುತ್ತಾರೆ, ಅದು ಸುಳ್ಳೇನೂ ಅಲ್ಲ. ಕಲಿತ ಹುಡುಗರು ಹೈದರಾಬಾದ್, ಬೆಂಗಳೂರು, ಪುಣೆ ಎಂದು ಹೋಗುತ್ತಾರೆ. ಆದರೆ ನಿಮಗೆ ಬೇಕಾದದ್ದು ಪಾರ್ಟ್ಸ್ ಗೊತ್ತಿರುವವರಲ್ಲ. ಬೆಳಿಗ್ಗೆ 10ರಿಂದ 1ರವರೆಗೆ ಬಿಲ್ ಹಾಕಲು, ವಾಟ್ಸ್ಆ್ಯಪ್ ನೋಡಲು, ಉದ್ರಿ ಬರೆಯಲು ಒಬ್ಬರು. ಅದಕ್ಕೆ ಕಂಪ್ಯೂಟರ್ ಗೊತ್ತಿದ್ದರೆ ಸಾಕು, ಮೂರು ಗಂಟೆಯ ಕೆಲಸ, ಓಣಿಯಲ್ಲೇ ಸಿಗುತ್ತಾರೆ, ಹೆಣ್ಣುಮಕ್ಕಳೂ ಮಾಡಬಹುದು. ಆಗ ಮಾಲಕರು ಗಲ್ಲಾದಿಂದ ಎದ್ದು ಕೌಂಟರ್‌ಗೆ ಬರಬಹುದು. ನಿಮ್ಮ ಅಂಗಡಿಯಲ್ಲಿ ಪಾರ್ಟ್ಸ್ ಎಲ್ಲರಿಗಿಂತ ಚೆನ್ನಾಗಿ ಗೊತ್ತಿರುವ ಮನುಷ್ಯ ಬಹುಶಃ ಅವರೇ, ಅವರು ನೋಟು ಎಣಿಸುತ್ತಾ ಕೂತಿರುವುದೇ ದೊಡ್ಡ ನಷ್ಟ. ಮತ್ತೆ, ಅಗ್ಗಕ್ಕೆ ಸಿಗುತ್ತಾನೆಂದು ಹದಿಮೂರು ವರ್ಷದ ಹುಡುಗನನ್ನು ತಂದು ನಿಲ್ಲಿಸಲು ಹೊರಟರೆ ಬೇಡ ಎನ್ನಿ. 14 ತುಂಬದ ಮಕ್ಕಳನ್ನು ಕೆಲಸಕ್ಕೆ ಇಟ್ಟುಕೊಳ್ಳುವುದು ಅಪರಾಧ.

ಜನ ಇಲ್ಲ ಎಂದು ಮಾಡಲೇಬಾರದ ಕೆಲಸ ಒಂದಿದೆ: ಒಬ್ಬರೇ ಭಾರ ಎತ್ತುವುದು. ಟ್ರ್ಯಾಕ್ಟರ್ ಬ್ಯಾಟರಿ, ಪಾಟಾ (ಸ್ಪ್ರಿಂಗ್ ಪಟ್ಟಿ), ಬ್ರೇಕ್ ಡ್ರಮ್, ಆಯಿಲ್ ಬ್ಯಾರೆಲ್, ಇವಕ್ಕೆ ಇಬ್ಬರು ಬೇಕು. ಇನ್ನೊಬ್ಬ ಊಟಕ್ಕೆ ಹೋಗಿದ್ದರೆ ಗಿರಾಕಿ ಕಾಯಲಿ, ಇಲ್ಲವೇ ಅವನೇ ಒಂದು ಕಡೆ ಹಿಡಿಯಲಿ. ಅಂಗಡಿಯಲ್ಲಿ ಒಬ್ಬರೇ ಇರುವಾಗ ಮೇಲಿನ ರ‍್ಯಾಕಿಗೆ ಏಣಿ ಹಾಕಬೇಡಿ. ಬ್ಯಾಟರಿ ಆಸಿಡ್ ಕೈಗೆ, ಕಣ್ಣಿಗೆ ಬಿದ್ದರೆ ತಕ್ಷಣ ನೀರು, ಬಹಳ ಹೊತ್ತು ನೀರು, ಕಣ್ಣಾದರೆ ನೇರ ಆಸ್ಪತ್ರೆ.

ಈಗ ಗಂಟೆ ಲೆಕ್ಕ. 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ಹೇಳುವುದು ಇದು. ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ. ಐದು ಗಂಟೆ ಕೆಲಸದ ನಂತರ ಕನಿಷ್ಠ ಒಂದು ಗಂಟೆ ಬಿಡುವು. ವಾರಕ್ಕೊಂದು ಪೂರ್ತಿ ರಜೆ. ಮೀರಿದ ಗಂಟೆಗಳಿಗೆ ಎರಡು ಪಟ್ಟು ಸಂಬಳ. ನೀವು 9ರಿಂದ 9, ಊಟದ ಗಂಟೆ ಕಳೆದರೆ 11, ಆರು ದಿನಕ್ಕೆ 66. ಅಂದರೆ ವಾರಕ್ಕೆ 18 ಗಂಟೆ ಓವರ್‌ಟೈಮ್. ಹೀಗೆಂದು ನಾಳೆಯೇ ಕಾಯ್ದೆ ಹಿಡಿದು ಜಗಳಕ್ಕೆ ಹೋಗಿ ಎನ್ನುತ್ತಿಲ್ಲ. ಸಣ್ಣ ಅಂಗಡಿಯಲ್ಲಿ ಅದು ಹೇಗೆ ಮುಗಿಯುತ್ತದೆ ನಿಮಗೂ ಗೊತ್ತು, ನನಗೂ ಗೊತ್ತು. ಆದರೆ ಸಂಬಳದ ಮಾತು ಬಂದಾಗ ಈ 18 ನಿಮ್ಮ ತಲೆಯಲ್ಲಿ ಇರಲಿ. ಐದು ಜನರ ಕೆಲಸ ಮೂವರು ಮಾಡುತ್ತಿದ್ದರೆ ಉಳಿದ ಇಬ್ಬರ ಸಂಬಳ ಎಲ್ಲೋ ಉಳಿದಿದೆ, ಅದರಲ್ಲಿ ಒಂದು ಪಾಲು ಕೇಳುವುದು ತಪ್ಪಲ್ಲ. ಇಲ್ಲವೇ ಒಂದು ದಿನ ನೀವು, ಒಂದು ದಿನ ಆ ಹುಡುಗ 7ಕ್ಕೆ ಹೊರಡುವ ಏರ್ಪಾಡು ಕೇಳಿ. ರಾತ್ರಿ 7ರಿಂದ 9ರವರೆಗೆ ಮಾರುವುದು ಏನು ಎಂದು ಅದೇ ನೋಟ್‌ಬುಕ್‌ನಲ್ಲಿ ಬರೆದಿಟ್ಟರೆ ಈ ಮಾತು ಸುಲಭ.

ಸಂಬಳದಲ್ಲಿ ಹಿಡಿದದ್ದು ಸರಿಯಾ ಎಂದು ಕೇಳಿದ್ದೀರಿ. ನೀವು ಹೇಳಿದ ರೀತಿಯಲ್ಲಿ ನಡೆದಿದ್ದರೆ, ಸರಿಯಲ್ಲ. 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಮಾಲು ಕಮ್ಮಿ ಬಂದದ್ದಕ್ಕೆ ಸಂಬಳ ಕತ್ತರಿಸಬೇಕಾದರೆ ಆ ಮಾಲನ್ನು ಸ್ಪಷ್ಟವಾಗಿ ನಿಮ್ಮ ವಶಕ್ಕೆ ಒಪ್ಪಿಸಿರಬೇಕು, ನಷ್ಟ ನೇರವಾಗಿ ನಿಮ್ಮ ನಿರ್ಲಕ್ಷ್ಯದಿಂದ ಆಗಿರಬೇಕು. ಕತ್ತರಿಸುವ ಮೊದಲು ನಿಮ್ಮ ಮಾತು ಕೇಳಬೇಕು. ನಷ್ಟಕ್ಕಿಂತ ಹೆಚ್ಚು ಹಿಡಿಯುವಂತಿಲ್ಲ, ಎಲ್ಲ ಕಡಿತ ಸೇರಿ ಸಂಬಳದ ಅರ್ಧ ದಾಟುವಂತಿಲ್ಲ. ಮೂವರು ಕೈ ಹಾಕುವ ರ‍್ಯಾಕಿನಲ್ಲಿ ಕಮ್ಮಿ ಬಂದದ್ದನ್ನು ಒಬ್ಬನ ತಲೆಗೆ ಕಟ್ಟುವುದು ಹೇಗೆ? ಮೊದಲು ಸಮಾಧಾನದಿಂದ ಕೇಳಿ: ಯಾವ ಪಾರ್ಟ್, ಎಷ್ಟು, ಯಾವ ದಿನದ ಲೆಕ್ಕ, ಹಿಂದಿನ ಸ್ಟಾಕ್ ಯಾವಾಗ ಎಣಿಸಿದ್ದು. ಪಟ್ಟಿ ಬರೆದು ಕೊಡಲಿ. ಪಟ್ಟಿ ಕೈಗೆ ಬಂದಾಗ ಉದ್ರಿ ಪುಸ್ತಕ, ವಾಪಸ್ ಬಂದ ಡಬ್ಬಿಗಳ ಜೊತೆ ತಾಳೆ ನೋಡಿ, ಎಷ್ಟೋ ಐಟಂ ಅಲ್ಲೇ ಸಿಗುತ್ತವೆ. ಪಟ್ಟಿಯೇ ಇಲ್ಲ, ಅಂದಾಜಿಗೆ ಹಿಡಿದದ್ದು ಎಂದರೆ ವಾಪಸ್ ಕೇಳಿ. ಮುಂದಿನ ತಿಂಗಳೂ ಹೀಗೇ ಆದರೆ ಕಾರ್ಮಿಕ ಇಲಾಖೆಯ ಕಚೇರಿ ಕಲಬುರಗಿಯಲ್ಲೇ ಇದೆ, ಹೋಗಿ ಕೇಳಲು ವಕೀಲರು ಬೇಕಿಲ್ಲ.

ಇರಲಾ ಬಿಡಲಾ? ನಾನಾದರೆ ಮೂರು ತಿಂಗಳು ಇರುತ್ತೇನೆ, ನೋಟ್‌ಬುಕ್ ತೋರಿಸಿದ ದಿನದಿಂದ. ಬೆಳಗಿನ ಹೊತ್ತಿಗೆ ಒಬ್ಬರು ಬಂದರೆ, ಅಥವಾ ಸಂಬಳ ಏರಿದರೆ, ಅಥವಾ ಕನಿಷ್ಠ ಮಾಲಕರು ಗಲ್ಲಾದಿಂದ ಎದ್ದು ಬಂದರೆ ಉಳಿಯಿರಿ. ಪಟ್ಟಿ ಇಲ್ಲದೆ ಮತ್ತೊಮ್ಮೆ ಸಂಬಳ ಕತ್ತರಿಸಿದರೆ ಮೂರು ತಿಂಗಳು ಕಾಯಬೇಡಿ. ಬೈಕು, ಆಟೋ, ಟ್ರ್ಯಾಕ್ಟರ್ ಮೂರರ ಕೌಂಟರ್ ನೋಡಿದವರು ಈ ಭಾಗದಲ್ಲಿ ಕಡಿಮೆ. ಹುಮನಾಬಾದ್, ಬೀದರ್, ಶಹಾಪುರ, ಸೇಡಂ, ಎಲ್ಲ ಕಡೆ ಅಂಗಡಿಗಳಿವೆ, ಕಂಪನಿ ಶೋರೂಮುಗಳ ಸ್ಪೇರ್ಸ್ ವಿಭಾಗಗಳಿವೆ. ಶೋರೂಮಿನಲ್ಲಿ ಕಂಪ್ಯೂಟರ್‌ನಲ್ಲೇ ಕ್ಯಾಟಲಾಗ್ ನೋಡುವುದು ಗೊತ್ತಿರಬೇಕು, ಅದನ್ನು ಈ ಮೂರು ತಿಂಗಳಲ್ಲೇ ಮಧ್ಯಾಹ್ನದ ಖಾಲಿ ಹೊತ್ತಿನಲ್ಲಿ ಕಲಿತುಕೊಳ್ಳಿ.

ಬಿಡುವುದಾದರೆ ತೊಗರಿ ರಾಶಿಯ ನಡುವೆ ಬಿಡಬೇಡಿ, ಊರು ಚಿಕ್ಕದು, ವ್ಯಾಪಾರಸ್ಥರು ಒಬ್ಬರಿಗೊಬ್ಬರು ಫೋನ್ ಮಾಡಿ ಕೇಳುತ್ತಾರೆ. ಹೊರಡುವ ಮೊದಲು ನಿಮ್ಮ ಕೈಯಿಂದ ಹೋದ ಉದ್ರಿ ಎಲ್ಲ ಮಾಲಕರ ಎದುರು ಓದಿ, ಅವರಿಂದ ಸಹಿ ಹಾಕಿಸಿಕೊಂಡು, ಆ ಹಾಳೆಯ ಫೋಟೋ ಇಟ್ಟುಕೊಳ್ಳಿ. ಬಾಕಿ ಸಂಬಳ ಕೆಲಸ ಬಿಟ್ಟ ಎರಡು ಕೆಲಸದ ದಿನಗಳೊಳಗೆ ಕೊಡಬೇಕು ಎಂದು ಅದೇ ವೇತನ ಸಂಹಿತೆ ಹೇಳುತ್ತದೆ. ಮುಂದಿನ ತಿಂಗಳು ಬಾ ಎಂದರೆ ಒಪ್ಪಬೇಡಿ.